ಫೋಟೋ ತಿದ್ದಲು ತಿಂಗಳ ಚಂದಾ ಕಟ್ಟಲೇಬೇಕಿಲ್ಲ

ಗೆಳೆಯರೇ, ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಫೋಟೋಶಾಪ್‌ನ ಚಂದಾ ಕಟ್ಟಲಾಗದೆ ಕದ್ದ ಪ್ರತಿ ಹುಡುಕುವುದನ್ನು ನೋಡಿ ಸಂಕಟವಾಗುತ್ತದೆ. ಅದರ ಜೊತೆಗೆ ವೈರಸ್ ಬಂದರೆ ಮದುವೆಯ ಫೋಟೋಗಳೆಲ್ಲ ಹೋದಂತೆ. ದಯವಿಟ್ಟು ಆ ದಾರಿ ಬೇಡ.

ಮೊದಲು ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶ ಹಾಕಿಕೊಳ್ಳಿ, ಪೂರ್ತಿ ಉಚಿತ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಿಂದ ಫಿಲ್ಟರ್‌ಗಳನ್ನು ಮೂಲ ಚಿತ್ರ ಕೆಡದಂತೆ ಹಾಕಬಹುದು, ಬೇಡವೆನಿಸಿದರೆ ಆಮೇಲೆ ತೆಗೆಯಬಹುದು. ಆದರೆ ಕೆಲಸವನ್ನು ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಕಡತವಾಗಿಯೇ ಉಳಿಸಿ. ಜೆಪೆಗ್‌ನಲ್ಲಿ ಒಂದರ ಮೇಲೊಂದು ಹಾಕಿದ ಪದರಗಳು (ಲೇಯರ್) ಉಳಿಯುವುದಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದರಲ್ಲಿ ಕನ್ನಡ ಮೂಡುವ ರೀತಿ. ನೋಟೋ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್ ಆರಿಸಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗದೆ ಸರಿಯಾದ ಜಾಗದಲ್ಲಿ ಕೂರುತ್ತವೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಆಮಂತ್ರಣ ಪಠ್ಯವಿದ್ದರೆ ಮೊದಲು ಯುನಿಕೋಡಿಗೆ ಬದಲಿಸಿಕೊಂಡು ಅಂಟಿಸಿ.

ರಾ (ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸಿದ) ಫೋಟೋಗಳಿಗೆ ಡಾರ್ಕ್‌ಟೇಬಲ್ ಇದೆ, ಅದೂ ಉಚಿತ. ಮಂಟಪದ ಹಳದಿ ಬೆಳಕಿನಲ್ಲಿ ತೆಗೆದ ಒಂದು ಫೋಟೋದ ಬಣ್ಣ ಸರಿಪಡಿಸಿ, ಅದೇ ತಿದ್ದುಪಡಿಯನ್ನು ನಕಲಿಸಿ ಉಳಿದ ನೂರಾರು ಫೋಟೋಗಳಿಗೆ ಒಮ್ಮೆಲೇ ಅಂಟಿಸಬಹುದು. ಕಲಿಯಲು ಒಂದೆರಡು ವಾರ ಬೇಕಾಗುತ್ತದೆ, ತಾಳ್ಮೆಯಿರಲಿ.

ಯಾರಾದರೂ ಫೋಟೋಶಾಪ್‌ನ ಪಿಎಸ್‌ಡಿ ಕಡತ ಕಳಿಸಿದರೆ ಬ್ರೌಸರಿನಲ್ಲೇ ಫೋಟೋಪಿಯ ತೆರೆಯಿರಿ. ಜಾಹೀರಾತು ಇರುತ್ತದೆ, ಅಷ್ಟೆ. ಮೊಬೈಲಿಗೆ ಸ್ನ್ಯಾಪ್‌ಸೀಡ್ ಸಾಕು. ಮುದ್ರಣಾಲಯದವರು ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ ವಿಧಾನ) ಕೇಳಿದರೆ ಮಾತ್ರ ಕ್ರಿತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಬಳಸಿ. ಗಿಂಪ್‌ನಲ್ಲಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಪರದೆಯ ಚಿತ್ರ ತೆಗೆದು ಇಲ್ಲಿ ಹಾಕಿ, ಸಂಜೆ ಕುಳಿತು ಉತ್ತರಿಸುತ್ತೇನೆ.