ಫೋನ್ ನೆಟ್ಟಗೆ ಹಿಡಿದಾಗ ಕೋನಗಳು ಜಿಗಿಯದಂತೆ ಮಾಡುವುದು ಹೇಗೆ

ಬೀದರ್‌ನ ಮಹಮೂದ್ ಗವಾನ್ ಮದರಸಾದ ಮುಂದೆ ನಿಂತು ಫೋನ್ ಎತ್ತಿದರೆ, ಬಿದ್ದುಹೋದ ಮಿನಾರು ತನ್ನ ಜಾಗದಲ್ಲಿ ಪರದೆ ಮೇಲೆ ಕಾಣಬೇಕು. ಇಂಥ ಆ್ಯಪ್ ಬರೆಯುವವರಿಗೆ ಮೇಜಿನ ಮೇಲೆ ಫೋನ್ ಮಲಗಿಸಿ ನೋಡುವಾಗ ಎಲ್ಲವೂ ಸರಿಯಿರುತ್ತದೆ. ಕ್ಯಾಮೆರಾ ಎತ್ತಿ ಹಿಡಿದ ಕೂಡಲೇ ಮಿನಾರು ಗರಗರ ತಿರುಗತೊಡಗುತ್ತದೆ.

ಸೆನ್ಸರ್ ಕೆಟ್ಟಿಲ್ಲ. ಬ್ರೌಸರ್ ಕೊಡುವುದು ಮೂರು ಕೋನ: ಆಲ್ಫಾ 0ರಿಂದ 360, ಬೀಟಾ −180ರಿಂದ 180, ಗಾಮಾ −90ರಿಂದ 90. ತಿರುಗಿಸುವ ಕ್ರಮ ಝಡ್ (ಪರದೆಗೆ ಲಂಬವಾದ ಅಕ್ಷ, ಆಲ್ಫಾ), ಎಕ್ಸ್ (ಪರದೆಯ ಅಗಲ, ಬೀಟಾ), ವೈ (ಪರದೆಯ ಉದ್ದ, ಗಾಮಾ). ಫೋನ್ ನೆಟ್ಟಗೆ ನಿಂತರೆ ಬೀಟಾ 90. ಆಗ ಆಲ್ಫಾ, ಗಾಮಾ ಎರಡೂ ಒಂದೇ ಅಕ್ಷದ ಸುತ್ತ ತಿರುಗುತ್ತವೆ. ಆಲ್ಫಾ 40, ಗಾಮಾ 0 ಅಂದರೂ, ಆಲ್ಫಾ 10, ಗಾಮಾ 30 ಅಂದರೂ ಫೋನ್ ನಿಂತ ರೀತಿ ಒಂದೇ. ಇದಕ್ಕೆ ಜಿಂಬಲ್ ಲಾಕ್ ಎನ್ನುತ್ತಾರೆ. ಕೈ ಚೂರು ನಡುಗಿದರೂ ಅಂಕಿಗಳು ಒಂದರಿಂದ ಇನ್ನೊಂದಕ್ಕೆ ಹಾರುತ್ತವೆ. ಫೋನನ್ನು ಅಡ್ಡ ಹಿಡಿದರೆ ಬೇರೆ ಫಜೀತಿ: ಗಾಮಾ 89 ದಾಟಿ −89ಕ್ಕೆ ಮಗುಚುತ್ತದೆ, ಜೊತೆಗೆ ಆಲ್ಫಾ 180 ಡಿಗ್ರಿ ಜಿಗಿಯುತ್ತದೆ.

ಇದನ್ನು ತಡೆಯಲು ಒಂದೊಂದು ಕೋನಕ್ಕೂ ಸರಾಸರಿ ಫಿಲ್ಟರ್ ಹಾಕುವುದು ಕೆಟ್ಟ ಮದ್ದು. 359 ಮತ್ತು 1ರ ಸರಾಸರಿ 180 ಬಂತೆಂದರೆ ಉತ್ತರ ನೋಡುತ್ತಿದ್ದವರು ದಕ್ಷಿಣಕ್ಕೆ ತಿರುಗಿದಂತೆ. ಮೂರೂ ಕೋನ ಸೆನ್ಸರ್ ಒಮ್ಮೆಗೆ ಕಳಿಸುವ ಒಂದೇ ಈವೆಂಟ್‌ನಿಂದ ಬಂದಿದ್ದರೆ ಒಟ್ಟಾಗಿ ಅವು ಸರಿಯೇ ಇರುತ್ತವೆ. ಬಿಡಿಬಿಡಿಯಾಗಿ ಮುಟ್ಟಿದಾಗಲೇ ಕೆಡುವುದು.

ಹಾಗಾಗಿ ಮೂರನ್ನೂ ಬಂದ ಕ್ಷಣದಲ್ಲೇ ಕ್ವಾಟರ್ನಿಯನ್ (ಫೋನಿನ ನಿಲುವನ್ನು ಒಟ್ಟಾಗಿ ಹೇಳುವ ನಾಲ್ಕು ಅಂಕಿಗಳು) ಮಾಡಿ, ಮುಂದಿನ ಎಲ್ಲ ಲೆಕ್ಕ ಅದರಲ್ಲೇ ನಡೆಸಿ. ಆಂಡ್ರಾಯ್ಡ್ ಆ್ಯಪ್ ಆದರೆ ಗೇಮ್ ರೊಟೇಶನ್ ವೆಕ್ಟರ್ ಎಂಬ ಸೆನ್ಸರ್ ನೇರವಾಗಿ ಕ್ವಾಟರ್ನಿಯನ್ನೇ ಕೊಡುತ್ತದೆ. ಇಲ್ಲೊಂದು ತೊಡಕಿದೆ: ಸೆನ್ಸರ್ ಈವೆಂಟ್‌ನಲ್ಲಿ ಕ್ರಮ ಎಕ್ಸ್, ವೈ, ಝಡ್, ಡಬ್ಲ್ಯೂ, ಅದನ್ನೇ ಆಂಡ್ರಾಯ್ಡ್‌ನದೇ ಫಂಕ್ಷನ್ ಆದ ಗೆಟ್‌ಕ್ವಾಟರ್ನಿಯನ್‌ಫ್ರಮ್‌ವೆಕ್ಟರ್‌ಗೆ ಕೊಟ್ಟರೆ ಡಬ್ಲ್ಯೂ ಮೊದಲು ಬರುತ್ತದೆ. ತ್ರೀ.ಜೆಎಸ್‌ಗೆ (ಬ್ರೌಸರ್‌ನಲ್ಲಿ 3ಡಿ ಚಿತ್ರ ಬಿಡಿಸುವ ಲೈಬ್ರರಿ) ಡಬ್ಲ್ಯೂ ಕೊನೆಗೆ ಬೇಕು. ಪರೀಕ್ಷೆ ಸುಲಭ: ಫೋನ್ ನೆಟ್ಟಗೆ, ಕ್ಯಾಮೆರಾ ಉತ್ತರಕ್ಕೆ ಇದ್ದರೆ ಡಬ್ಲ್ಯೂ 0.707, ಎಕ್ಸ್ 0.707, ಉಳಿದೆರಡು ಸೊನ್ನೆ. (ಗೇಮ್ ವೆಕ್ಟರ್‌ಗೆ ನಿಜವಾದ ಉತ್ತರ ಗೊತ್ತಿಲ್ಲ, ಅದು ಶುರುವಾದಾಗ ಹಿಡಿದುಕೊಂಡ ದಿಕ್ಕೇ ಅದರ ಉತ್ತರ.)

ನಡುಕ ಕಡಿಮೆ ಮಾಡಲು ಸ್ಲರ್ಪ್ ಬಳಸಿ, ಅಂದರೆ ಹಳೆಯ ನಿಲುವಿನಿಂದ ಹೊಸದರ ಕಡೆಗೆ ಪ್ರತಿ ಸಲ ಒಂದು ಪಾಲಷ್ಟೇ ತಿರುಗಿಸಿ. ಅದಕ್ಕೆ ಮುಂಚೆ ಹಳೆಯ, ಹೊಸ ಕ್ವಾಟರ್ನಿಯನ್‌ಗಳ ಡಾಟ್ ಗುಣಲಬ್ಧ (ಜೋಡಿ ಅಂಕಿಗಳನ್ನು ಗುಣಿಸಿ ಕೂಡಿದ ಮೊತ್ತ) ತೆಗೆಯಿರಿ. ಋಣವಾದರೆ ಹೊಸದರ ನಾಲ್ಕೂ ಅಂಕಿಗಳ ಚಿಹ್ನೆ ಬದಲಿಸಿ. ಎರಡೂ ಚಿಹ್ನೆಗಳು ಹೇಳುವುದು ಒಂದೇ ನಿಲುವನ್ನು, ಆದರೆ ಬದಲಿಸದಿದ್ದರೆ ಚಿತ್ರ ದೂರದ ದಾರಿ ಹಿಡಿದು ಒಂದು ಸುತ್ತು ಹಾಕಿ ಬರುತ್ತದೆ. ಸೆಕೆಂಡಿಗೆ 60 ಸ್ಯಾಂಪಲ್ ಬರುವಾಗ ಸ್ಲರ್ಪ್‌ನ ಆ ಪಾಲನ್ನು 0.2 ಇಟ್ಟರೆ ಸುಮಾರು 70 ಮಿಲಿಸೆಕೆಂಡ್ ತಡವಾಗುತ್ತದೆ. ಇನ್ನೂ ಕಡಿಮೆ ಇಟ್ಟರೆ ಮಿನಾರು ಕೈಯ ಹಿಂದೆ ಎಳೆದಾಡುತ್ತದೆ. ಪ್ರತಿ ಸಲ ಕ್ವಾಟರ್ನಿಯನ್‌ನ ಉದ್ದವನ್ನು 1ಕ್ಕೆ ತನ್ನಿ.

ತೋರಿಸಲು ಕೋನ ಬೇಕೇ ಬೇಕೆಂದರೆ ಕ್ಯಾಮೆರಾ ನೋಡುವ ದಿಕ್ಕಿನಿಂದ ತೆಗೆಯಿರಿ. (0, 0, −1) ವೆಕ್ಟರನ್ನು ಕ್ವಾಟರ್ನಿಯನ್‌ನಿಂದ ತಿರುಗಿಸಿದರೆ ಪೂರ್ವ, ಉತ್ತರ, ಮೇಲಿನ ಭಾಗಗಳು ಸಿಗುತ್ತವೆ. ಪೂರ್ವ ಮತ್ತು ಉತ್ತರದ ಏಟಾನ್2 (ಎರಡು ಭಾಗಗಳಿಂದ ಕೋನ ಕೊಡುವ ಫಂಕ್ಷನ್) ದಿಕ್ಕು; ಮೇಲಿನ ಭಾಗದ ವಿಲೋಮ ಸೈನ್ ಎತ್ತರದ ಕೋನ. ಆ ಭಾಗವನ್ನು −1ರಿಂದ 1ರೊಳಗೆ ಕಟ್ಟಿಹಾಕಿ, ಇಲ್ಲದಿದ್ದರೆ ದಶಾಂಶದ ದೋಷಕ್ಕೇ ಲೆಕ್ಕದ ಫಲ ಬರದೆ ಹೋಗುತ್ತದೆ. ಈಗ ತೊಂದರೆಯ ಬಿಂದು ನೆತ್ತಿಯ ಮೇಲಿನ ಆಕಾಶಕ್ಕೂ ಕಾಲಡಿಯ ನೆಲಕ್ಕೂ ಹೋಯಿತು, ಮಿನಾರು ನೋಡುವಾಗ ಅಲ್ಲಿಗೆ ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ.

ಉತ್ತರ ದಿಕ್ಕನ್ನು ಮಾತ್ರ ಬಳಕೆದಾರರಿಂದಲೇ ಹೊಂದಿಸಿಕೊಳ್ಳುವುದು ಮೇಲು: ಪರದೆಯ ಗೆರೆಯನ್ನು ನಿಂತಿರುವ ಮಿನಾರಿಗೆ ಹೊಂದಿಸಿ ಗುಂಡಿ ಒತ್ತಲಿ. ಆ ತಿದ್ದುಪಡಿಯನ್ನು ಎಡಬದಿಯಿಂದ ಗುಣಿಸಿ. ಬಲಬದಿಯಿಂದ ಗುಣಿಸಿದರೆ ಫೋನ್ ಮಲಗಿದಾಗ ಸರಿ ಕಂಡು, ಎತ್ತಿದಾಗ ಮಿನಾರು ವಾಲುತ್ತದೆ. ಪರದೆ ಅಡ್ಡ ತಿರುಗಿದಾಗಿನ 90 ಡಿಗ್ರಿ ತಿದ್ದುಪಡಿಯನ್ನು ಬಲಬದಿಯಿಂದಲೇ ಹಾಕಬೇಕು, ಏಕೆಂದರೆ ಅದು ಫೋನಿನ ಅಕ್ಷದ್ದು.

ಕಂಪಾಸ್ ನಂಬಿದರೆ ಬೀದರ್ ಕೋಟೆಯೊಳಗೆ ಕಬ್ಬಿಣದ ತೋಪಿನ ಹತ್ತಿರ ದಿಕ್ಕು ತಪ್ಪುತ್ತದೆ. (ಬಿದರಿ ಹೂಜಿ ಪಕ್ಕದಲ್ಲಿದ್ದರೆ ಏನೂ ಆಗದು, ಅದು ಸತು-ತಾಮ್ರದ್ದು.) ಗೇಮ್ ವೆಕ್ಟರ್ ಕಂಪಾಸ್ ಬಳಸುವುದಿಲ್ಲ, ಆದರೆ ನಿಧಾನಕ್ಕೆ ಒಂದು ಕಡೆ ಜಾರುತ್ತದೆ, ಆದ್ದರಿಂದ ಆ ಹೊಂದಿಸುವ ಗುಂಡಿಯನ್ನು ಮೊದಲ ಪರದೆಯಲ್ಲಿ ಬಚ್ಚಿಡದೆ, ನೋಡುವಾಗ ಯಾವಾಗಲೂ ಕೈಗೆ ಸಿಗುವಂತೆ ಇಡಿ.