ಪ್ರಯೋಗ ಓದುತ್ತಾ ಇಂಗ್ಲಿಷ್ ಪದ ಕಲಿಯುವುದು ಹೇಗೆ?

ಇಂಗ್ಲಿಷ್ ಪದಗಳ ಪಟ್ಟಿಯನ್ನು ಉರುಹೊಡೆದವರಿಗೆ ಗೊತ್ತು, ವಾರ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಮರೆತಿರುತ್ತದೆ. ವಿಜ್ಞಾನದ ಪ್ರಯೋಗ ಓದಿ, ಮಾಡಿ ಕಲಿತ ಪದ ಅಷ್ಟು ಬೇಗ ಕೈಬಿಡುವುದಿಲ್ಲ. ಅಲ್ಲಿ ಪದದ ಅರ್ಥ ಕಣ್ಣೆದುರೇ ನಡೆಯುತ್ತದೆ.

ಮೊದಲಿಗೆ, ಕನ್ನಡದಲ್ಲಿ ನಿಮಗೆ ಚೆನ್ನಾಗಿ ಅರ್ಥವಾಗಿರುವ ಪ್ರಯೋಗವನ್ನೇ ಆರಿಸಿಕೊಳ್ಳಿ. ಹೊಸ ವಿಜ್ಞಾನ, ಹೊಸ ಭಾಷೆ ಎರಡೂ ಒಟ್ಟಿಗೆ ಬಂದರೆ ಯಾವುದೂ ತಲೆಗೆ ಹತ್ತುವುದಿಲ್ಲ. ಅದರ ಬಗ್ಗೆ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದ ಒಂದು ಪುಟದ ವಿವರಣೆ ಸಾಕು. ದೊಡ್ಡವರೂ ಅಲ್ಲಿಂದಲೇ ಶುರು ಮಾಡಲಿ, ಸಂಕೋಚ ಬೇಡ.

ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುವ ಪ್ರಯೋಗವನ್ನೇ ನೋಡೋಣ. ನಿಘಂಟು ಮುಟ್ಟದೆ ಒಮ್ಮೆ ಪೂರ್ತಿ ಓದಿ. ಎರಡನೇ ಓದಿನಲ್ಲಿ ಕ್ರಿಯಾಪದಗಳಿಗಷ್ಟೇ ಗೆರೆ ಎಳೆಯಿರಿ: ಪೋರ್, ಆ್ಯಡ್, ಸ್ಟರ್, ಡಿಸಾಲ್ವ್, ಸಿಂಕ್, ಫ್ಲೋಟ್. ಪ್ರಯೋಗದ ಸೂಚನೆಗಳು ಬಹುಪಾಲು ಕ್ರಿಯಾಪದದಿಂದಲೇ ಶುರುವಾಗುವುದರಿಂದ ನಾಮಪದಗಳು ಆಮೇಲೆ ಬಂದರೂ ನಡೆಯುತ್ತದೆ.

ಇನ್ನು ಲೋಟ ಎದುರಿಗಿಟ್ಟುಕೊಂಡು ಮಾಡಿ ನೋಡಿ. ನೀರು ಸುರಿಯುವಾಗ ‘ಪೋರ್’ ಎಂದು ಗಟ್ಟಿಯಾಗಿ ಹೇಳಿ. ತಾಜಾ ಮೊಟ್ಟೆ ತಳ ಸೇರಿದರೆ ‘ಸಿಂಕ್’. ಮೊಟ್ಟೆ ಹೊರತೆಗೆದು, ಚಮಚ ಚಮಚವಾಗಿ ಉಪ್ಪು ಹಾಕಿ ಕಲಕಿ. ಹರಳು ಕಾಣದಂತಾದರೆ ಅದು ‘ಡಿಸಾಲ್ವ್’. ಮೊಟ್ಟೆಯನ್ನು ಮತ್ತೆ ಬಿಡಿ. ನೀರಿನ ಸಾಂದ್ರತೆ ಮೊಟ್ಟೆಯದಕ್ಕಿಂತ ಹೆಚ್ಚಾಗಿದ್ದರೆ ಅದು ತೇಲುತ್ತದೆ, ‘ಫ್ಲೋಟ್’. ಸಾಂದ್ರತೆ ಎಂಬ ಅರ್ಥದ ‘ಡೆನ್ಸಿಟಿ’ಯಂಥ ಗಡುಸು ಪದವನ್ನು ಕಲಿಯಲು ಇದೇ ಸರಿಯಾದ ಗಳಿಗೆ.

ಒಂದು ಕಡೆ ಎಚ್ಚರ ಬೇಕು. ಕನ್ನಡದಲ್ಲಿ ಉಪ್ಪೂ ಕರಗುತ್ತದೆ, ಮಂಜುಗಡ್ಡೆಯೂ ಕರಗುತ್ತದೆ. ಇಂಗ್ಲಿಷಿನಲ್ಲಿ ಉಪ್ಪು ನೀರಿನಲ್ಲಿ ಬೆರೆತು ಕರಗುವುದು ಡಿಸಾಲ್ವ್. ಮಂಜುಗಡ್ಡೆ ಬಿಸಿಗೆ ನೀರಾಗುವುದು ಮೆಲ್ಟ್. ‘ಸಲ್ಯೂಷನ್’ ಕೂಡ ಹೀಗೆಯೇ: ಮಾತಿನಲ್ಲಿ ಪರಿಹಾರ, ಪ್ರಯೋಗಾಲಯದಲ್ಲಿ ದ್ರಾವಣ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಪದ, ಅದರ ಪಕ್ಕ ಅರ್ಥ ಎಂದು ಬರೆಯಬೇಡಿ. ‘ಸಾಲ್ಟ್ ಡಿಸಾಲ್ವ್ಸ್ ಇನ್ ವಾಟರ್’ ಎಂದು ಪೂರ್ತಿ ವಾಕ್ಯವನ್ನೇ ಬರೆಯಿರಿ. ಆಗ ಜೊತೆಗೆ ಬರುವ ‘ಇನ್’ ಕೂಡ ತಾನಾಗಿಯೇ ರೂಢಿಯಾಗುತ್ತದೆ.

ಉದ್ದುದ್ದ ಪದ ಎದುರಾದರೆ ಒಡೆದು ನೋಡಿ. ಗ್ರೀಕ್ ಮೂಲದ ‘ಥರ್ಮೋ’ ಶಾಖಕ್ಕೆ, ‘ಹೈಡ್ರೋ’ ನೀರಿಗೆ, ‘ಫೋಟೋ’ ಬೆಳಕಿಗೆ ಸಂಬಂಧಿಸಿದ್ದು. ಥರ್ಮಾಮೀಟರ್, ಡಿಹೈಡ್ರೇಷನ್, ಫೋಟೋಸಿಂಥೆಸಿಸ್ ಎಲ್ಲಕ್ಕೂ ಇದೇ ಬೀಗದ ಕೈ.

ಮರುದಿನ ಪುಸ್ತಕ ಮುಚ್ಚಿಟ್ಟು, ಮಾಡಿದ್ದನ್ನು ನಾಲ್ಕೈದು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಮೂಲದೊಂದಿಗೆ ಹೋಲಿಸಿ. ಈ ಹಂತವನ್ನು ಮಾತ್ರ ಬಿಡಲೇಬೇಡಿ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ನೆನಪಿನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರೆವು ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಜೋರಾಗಿರುತ್ತದೆ. ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದ್ದು ಹೆಚ್ಚು ಉಳಿಯುತ್ತದೆ.

ಮುಂದಿನ ಪ್ರಯೋಗವೂ ಇದಕ್ಕೆ ಹತ್ತಿರದ್ದೇ ಇರಲಿ. ಉಳಿದ ಉಪ್ಪುನೀರನ್ನು ತಟ್ಟೆಗೆ ಸುರಿದು ಬಿಸಿಲಿಗಿಡಿ. ಅದು ಆರುವುದರೊಳಗೆ ‘ಇವ್ಯಾಪೊರೇಷನ್’, ಅಂದರೆ ನೀರು ಆವಿಯಾಗುವುದರ ಬಗ್ಗೆ ಒಂದು ಪುಟ ಓದಿ. ಹರಳು ಎಂಬ ಅರ್ಥದ ‘ಕ್ರಿಸ್ಟಲ್’ ಹೊಸದಾಗಿ ಸಿಗುತ್ತದೆ, ‘ಡಿಸಾಲ್ವ್’, ‘ಸಲ್ಯೂಷನ್’ ಮತ್ತೊಮ್ಮೆ ಎದುರಾಗುತ್ತವೆ.