ರಿಪೀಟರ್ ಕಿವುಡಾಗಿತ್ತು: ಡೂಪ್ಲೆಕ್ಸರ್ ಸರಿಮಾಡಿದ ನನ್ನ ಅನುಭವ

ನಮ್ಮ ಗುಡ್ಡದ ಹ್ಯಾಮ್ ರೇಡಿಯೋ ರಿಪೀಟರ್‌ಗೆ (ದೂರದ ಸಣ್ಣ ಸಿಗ್ನಲ್ ಹಿಡಿದು ಜೋರಾಗಿ ಮತ್ತೆ ಬಿತ್ತರಿಸುವ ಯಂತ್ರ) ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕಾಯಿಲೆ ಬಂತು. ದೂರದ ಊರಿನಿಂದ ಯಾರಾದರೂ ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋ) ಕರೆದರೆ ರಿಪೀಟರ್ ಏಳುತ್ತಿತ್ತು, ಒಂದೆರಡು ಸೆಕೆಂಡಿನಲ್ಲಿ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಮಾತೆಲ್ಲ ತುಂಡು ತುಂಡು. ಕಾರಿನ ಸೆಟ್ಟಿನಿಂದ ಜೋರಾಗಿ ಬರುವವರಿಗೆ ಮಾತ್ರ ಏನೂ ತೊಂದರೆ ಇರಲಿಲ್ಲ.

ಇದನ್ನೇ ನಾವು ಡೆಸೆನ್ಸ್ ಅನ್ನುವುದು. ರಿಪೀಟರ್ ಸಣ್ಣ ಸಿಗ್ನಲ್ ಕೇಳಿಸಿಕೊಂಡು ಟ್ರಾನ್ಸ್‌ಮಿಟರ್ ಹಾಕುತ್ತದೆ, ಅದರ ಗದ್ದಲಕ್ಕೆ ತನ್ನ ಕಿವಿಯೇ ಮುಚ್ಚಿಹೋಗುತ್ತದೆ, ಟ್ರಾನ್ಸ್‌ಮಿಟರ್ ನಿಂತ ಮೇಲೆ ಮತ್ತೆ ಕೇಳಿಸುತ್ತದೆ. ನಮ್ಮದು 145.100 ಮೆಗಾಹರ್ಟ್ಸ್‌ನಲ್ಲಿ ಕೇಳಿ 145.700ರಲ್ಲಿ ಮಾತಾಡುವ ಸೆಟ್. ನಡುವೆ ಬರೀ 600 ಕಿಲೋಹರ್ಟ್ಸ್, ಎರಡಕ್ಕೂ ಒಂದೇ ಆಂಟೆನಾ. ಒಂದು ಕಡೆ 25 ವ್ಯಾಟ್ ಹೊರಡುತ್ತಿರುವಾಗ ಇನ್ನೊಂದು ಕಡೆ ಮೈಕ್ರೋವೋಲ್ಟಿನ ಐದನೇ ಒಂದು ಪಾಲು ಕೇಳಬೇಕು. ಅದಕ್ಕೆ 80 ಡೆಸಿಬೆಲ್‌ಗೂ (ಡಿಬಿ) ಜಾಸ್ತಿ ತಡೆ ಬೇಕು, ಅಂದರೆ ಹತ್ತು ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚು ದಾಟಿ ಬರಬಾರದು. ಆ ಕೆಲಸ ಮಾಡುವುದು ಡೂಪ್ಲೆಕ್ಸರ್: ಟ್ರಾನ್ಸ್‌ಮಿಟರ್ ಕಡೆ ಮೂರು ಕ್ಯಾವಿಟಿ (ಒಂದು ಫ್ರೀಕ್ವೆನ್ಸಿಯನ್ನು ದಾಟಿಸಿ ಇನ್ನೊಂದನ್ನು ತಡೆಯುವ ಲೋಹದ ಡಬ್ಬಿ), ರಿಸೀವರ್ ಕಡೆ ಮೂರು.

ಮೊದಲ ದಿನ ನಾನು ತಪ್ಪು ಮಾಡಿದೆ. ಎಸ್‌ಡಬ್ಲ್ಯುಆರ್ ಮೀಟರ್ (ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವುದು) ಹಾಕಿ, ಸ್ಪ್ಯಾನರ್ ಹಿಡಿದು ಕ್ಯಾವಿಟಿಗಳ ರಾಡ್ ತಿರುಗಿಸಲು ಶುರು ಮಾಡಿದೆ. ಎಸ್‌ಡಬ್ಲ್ಯುಆರ್ 1.2ಕ್ಕೆ ಬಂತು, ಪವರ್ ಚೆನ್ನಾಗಿ ಹೋಗುತ್ತಿತ್ತು, ಕಾಯಿಲೆ ಮಾತ್ರ ಹಾಗೇ ಇತ್ತು. ಟ್ರಾನ್ಸ್‌ಮಿಟರ್ ಕಡೆಯ ಕ್ಯಾವಿಟಿ 145.700 ಅನ್ನು ದಾಟಲು ಬಿಟ್ಟರೆ ಸಾಲದು, ಟ್ರಾನ್ಸ್‌ಮಿಟರ್ ಚೆಲ್ಲುವ ಗದ್ದಲವನ್ನು 145.100ರಲ್ಲಿ ಕೊಲ್ಲಲೂ ಬೇಕು. ಎಸ್‌ಡಬ್ಲ್ಯುಆರ್ ಮೀಟರ್‌ಗೆ ಅದು ಕಾಣುವುದೇ ಇಲ್ಲ.

ಎರಡನೇ ಸಲ ಹೋಗುವಾಗ ಗೆಳೆಯರಿಂದ ಸಿಗ್ನಲ್ ಜನರೇಟರ್ ತಂದೆ, ಎರಡು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ಸಾಧನ), ಮೂರು ಬಾಯಿಯ ಒಂದು ಎನ್ ಟೈಪ್ ಟೀ ಕನೆಕ್ಟರ್ ಕೂಡ. ಟೀಯ ಪಕ್ಕದ ಬಾಯಿಗೆ ಹಾಕುವ ಪ್ಲಗ್ಗಿನ ನಡು ಪಿನ್ ಅನ್ನು ತುಸು ಕತ್ತರಿಸಿದ್ದೆ, ಒಳಗೆ ತಾಗದ ಹಾಗೆ. ಅದರ ಮೂಲಕ ಸಣ್ಣ ಸಿಗ್ನಲ್ ತೂರಿಸಿದರೆ ಲೈನ್ ಕೆಡುವುದಿಲ್ಲ. ಜನರೇಟರ್ ಮುಂದೆ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಮರೆಯಬೇಡಿ, ಇಲ್ಲದಿದ್ದರೆ ಟ್ರಾನ್ಸ್‌ಮಿಟರ್ ಪವರ್ ವಾಪಸ್ ಬಂದು ಅದನ್ನು ಸುಡಬಹುದು.

ಟ್ರಾನ್ಸ್‌ಮಿಟರ್‌ನ ಜಂಪರ್ ಕೇಬಲನ್ನು ಡೂಪ್ಲೆಕ್ಸರ್‌ನಿಂದ ಬಿಚ್ಚಿ ಸೀದಾ ಒಂದು ಡಮ್ಮಿ ಲೋಡ್‌ಗೆ ಹಾಕಿದೆ, ಇನ್ನೊಂದನ್ನು ಆಂಟೆನಾ ಜಾಗಕ್ಕೆ. ಈಗ ಟ್ರಾನ್ಸ್‌ಮಿಟರ್ ಹಾಕಿದರೆ ರಿಸೀವರ್‌ಗೆ ಗೊತ್ತೇ ಆಗಬಾರದು ಅಲ್ವಾ? ಆದರೆ ಗದ್ದಲ 3 ಡಿಬಿಯಷ್ಟು ಏರಿತು. ಜಂಪರ್ ಕೈಯಲ್ಲಿ ಹಿಡಿದು ಅಲುಗಿಸಿದರೆ ಗದ್ದಲವೂ ಅಲುಗುತ್ತಿತ್ತು. ಹಿಂದಿನ ವರ್ಷ ಹಳೆ ಕೇಬಲ್ ಹೋದಾಗ ಅವಸರದಲ್ಲಿ ಆರ್‌ಜಿ-58 ಹಾಕಿದ್ದೆವು. ಅದರ ಒಂದೇ ಪದರದ ಜಾಲರಿ ಬೇರೆ ಕಡೆ ನಡೆಯುತ್ತದೆ, ರಿಪೀಟರ್‌ನಲ್ಲಿ ಸೋರುತ್ತದೆ. ಎರಡು ಪದರದ ಆರ್‌ಜಿ-223 ಹಾಕಿದೆ, ಆ ಸೋರಿಕೆ ನಿಂತಿತು.

ಆಮೇಲೆ ಟ್ರಾನ್ಸ್‌ಮಿಟರನ್ನು ಡೂಪ್ಲೆಕ್ಸರ್‌ಗೆ ಜೋಡಿಸಿ, ಆಂಟೆನಾ ಬದಲು ಡಮ್ಮಿ ಲೋಡ್ ಇಟ್ಟೇ ನೋಡಿದೆ. ಇನ್ನೂ 6 ಡಿಬಿ ಡೆಸೆನ್ಸ್. ಅಂದರೆ ಡೂಪ್ಲೆಕ್ಸರ್ ಕೂಡ ಕೆಟ್ಟಿದೆ ಅಂತ ಖಾತ್ರಿ ಆಯಿತು. ಆಗಲೇ ಅದನ್ನು ಬಿಚ್ಚಿ ಜೀಪಿನಲ್ಲಿ ಮನೆಗೆ ತಂದದ್ದು.

ಮನೆಯಲ್ಲಿ ನ್ಯಾನೋವಿಎನ್‌ಎ ಇತ್ತು, ಯಾವ ಫ್ರೀಕ್ವೆನ್ಸಿ ಎಷ್ಟು ದಾಟುತ್ತದೆ ಅಂತ ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ. ಆರೂ ಕ್ಯಾವಿಟಿ ಜೋಡಿಸಿ ಒಟ್ಟಿಗೆ ಅಳೆಯಲು ಹೋಗಬೇಡಿ, ಅಷ್ಟು ಆಳದ ತಡೆ ಆ ಪುಟ್ಟ ಯಂತ್ರಕ್ಕೆ ಕಾಣುವುದಿಲ್ಲ. ಒಂದೊಂದೇ ಕ್ಯಾವಿಟಿ ಬೇರೆ ಮಾಡಿ, ಎರಡೂ ಕಡೆ 10 ಡಿಬಿ ಅಟೆನ್ಯುಯೇಟರ್ ಇಟ್ಟು ಕ್ಯಾಲಿಬ್ರೇಟ್ ಮಾಡಿ ಅಳೆದೆ. ಸ್ಪ್ಯಾನ್ (ಒಮ್ಮೆಗೆ ಅಳೆಯುವ ಫ್ರೀಕ್ವೆನ್ಸಿಯ ಹರವು) ಚಿಕ್ಕದಿರಲಿ. 101 ಪಾಯಿಂಟ್ ಇರುವಾಗ 2 ಮೆಗಾಹರ್ಟ್ಸ್ ಇಟ್ಟರೆ ಪ್ರತಿ ಪಾಯಿಂಟ್ ನಡುವೆ 20 ಕಿಲೋಹರ್ಟ್ಸ್ ಅಂತರ, ನಾಚ್‌ನ (ಕ್ಯಾವಿಟಿ ತಡೆಯುವ ಕಡೆ ಗೆರೆಯಲ್ಲಿ ಕಾಣುವ ಕುಳಿ) ತಳ ತಪ್ಪಿಹೋಗಬಹುದು. ಕೊನೆಯ ಟ್ಯೂನಿಂಗ್‌ಗೆ ನಾನು 1 ಮೆಗಾಹರ್ಟ್ಸ್‌ಗೆ ಇಳಿಸಿದೆ.

ಟ್ರಾನ್ಸ್‌ಮಿಟರ್ ಕಡೆಯ ಎರಡನೇ ಕ್ಯಾವಿಟಿಯೇ ಕಳ್ಳ. ನಾಚ್ 70 ಕಿಲೋಹರ್ಟ್ಸ್ ಪಕ್ಕಕ್ಕೆ ಸರಿದಿತ್ತು. ರಾಡ್ ತಿರುಗಿಸಿದರೆ ಗೆರೆ ಮೆಲ್ಲಗೆ ಸರಿಯುವ ಬದಲು ಹಾರುತ್ತಿತ್ತು. ಒಳಗಿನ ಹಿತ್ತಾಳೆಯ ಬೆರಳುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನಿಧಾನವಾಗಿ ಒರೆಸಿದೆ. ಅರ್ಧ ದಿನ ಅದಕ್ಕೇ ಹೋಯಿತು, ಆದರೆ ಆಮೇಲೆ ಗೆರೆ ಬೆಣ್ಣೆಯ ಹಾಗೆ ಜಾರಿತು. ನಮ್ಮ ಮಾದರಿಯಲ್ಲಿ ದಾಟಿಸುವ ಫ್ರೀಕ್ವೆನ್ಸಿ (ಪಾಸ್) ಹೊಂದಿಸುವುದು ರಾಡ್‌ನಿಂದ, ನಾಚ್ ಹೊಂದಿಸುವುದು ಸಣ್ಣ ಟ್ರಿಮ್ಮರ್‌ನಿಂದ. ಒಂದನ್ನು ಮುಟ್ಟಿದರೆ ಇನ್ನೊಂದು ತುಸು ಕದಲುತ್ತದೆ, ಹಾಗಾಗಿ ನಾಲ್ಕೈದು ಸುತ್ತು ಬೇಕು. ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಲೇಬೇಕು, ಅದು ಸ್ವಲ್ಪ ಎಳೆಯುತ್ತದೆ.

ಕ್ಯಾವಿಟಿಗಳ ನಡುವಿನ ಕೇಬಲ್‌ಗಳನ್ನು ಮಾತ್ರ ಬದಲಿಸಲಿಲ್ಲ. ಅವುಗಳ ಉದ್ದ ಲೆಕ್ಕ ಹಾಕಿ ಕತ್ತರಿಸಿದ್ದು. ಸುಮ್ನೆ ಕೈಗೆ ಸಿಕ್ಕ ತುಂಡು ಹಾಕಿದರೆ ಇಡೀ ಟ್ಯೂನಿಂಗ್ ಹಾಳು.

ಗುಡ್ಡಕ್ಕೆ ವಾಪಸ್ ಒಯ್ದು ಡಮ್ಮಿ ಲೋಡ್ ಮೇಲೆ ನೋಡಿದರೆ ಡೆಸೆನ್ಸ್ 1 ಡಿಬಿಗಿಂತ ಕಡಿಮೆ. ಖುಷಿಯಿಂದ ಆಂಟೆನಾ ಜೋಡಿಸಿದೆ. ಗಾಳಿ ಬೀಸಿದಾಗಲೆಲ್ಲ ಚಟಪಟ ಅಂತ ಸದ್ದು! ಡೂಪ್ಲೆಕ್ಸರ್ ಸರಿಯಿದೆ ಅಂತ ಆಗಲೇ ಗೊತ್ತಿದ್ದರಿಂದ ಅದನ್ನು ಮುಟ್ಟದೆ ಟವರ್ ಹತ್ತಿ ನೋಡಿದೆವು. ಆಂಟೆನಾ ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಯು-ಕ್ಲ್ಯಾಂಪ್ ಸಡಿಲವಾಗಿ ಟವರ್‌ಗೆ ಉಜ್ಜುತ್ತಿತ್ತು. ತುಕ್ಕಿನ ಜೋಡಣೆ ಡಯೋಡ್ ಥರ ಕೆಲಸ ಮಾಡಿ ಗದ್ದಲ ಹುಟ್ಟಿಸುತ್ತದೆ. ಹೊಸ ಕ್ಲ್ಯಾಂಪ್ ಹಾಕಿ ಬಿಗಿದ ಮೇಲೆ ನಿಂತಿತು.

ಮೂರೂ ಅಳತೆಗಳನ್ನು ತಾರೀಖು ಸಮೇತ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಗೆ ಅಂಟಿಸಿದ್ದೇನೆ: ಜಂಪರ್ ಬೇರೆ ಮಾಡಿದಾಗ ಎಷ್ಟು, ಡಮ್ಮಿ ಲೋಡ್ ಮೇಲೆ ಎಷ್ಟು, ಆಂಟೆನಾ ಮೇಲೆ ಎಷ್ಟು. ಮುಂದೆ ಯಾರೇ ಹೋದರೂ ಸ್ಪ್ಯಾನರ್ ಮುಟ್ಟುವ ಮೊದಲು ಆ ಮೂರನ್ನು ಮತ್ತೆ ಅಳೆಯಬೇಕು ಅಂತ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.